ಕೋಟಿ ಋಷಿಗಳ ಸಾಲು ಮತ್ತು ಮುದ್ದಣನ ಸುಳ್ಳು

ಕೋಟೇಶ್ವರದ ಸ್ಥಳಪುರಾಣ ಕರಾವಳಿಯಲ್ಲಿ ಎಲ್ಲರಿಗೂ ಗೊತ್ತಿರುವಂಥದು. ಕೋಟಿ ಮಂದಿ ಋಷಿಗಳು ಇಲ್ಲಿ ತಪಸ್ಸಿಗೆ ಕುಳಿತರು. ಶಿವನು ಒಲಿದನು. ಆಗ ಮೊದಲ ದರ್ಶನ ಯಾರಿಗೆ ಎಂಬ ತಕರಾರು ಎದ್ದಿತು. ಪ್ರತಿಯೊಬ್ಬನಿಗೂ ತಾನೇ ಮೊದಲಿಗನಾಗಬೇಕು. ತಕರಾರು ಬಗೆಹರಿಯುವ ಲಕ್ಷಣ ಕಾಣದಿದ್ದಾಗ ಶಿವನು ಕೋಟಿ ಲಿಂಗಗಳಾಗಿ ಒಂದೇ ಕ್ಷಣದಲ್ಲಿ ಎಲ್ಲರಿಗೂ ಕಾಣಿಸಿಕೊಂಡನು; ದೇವರು ಕೋಟಿಲಿಂಗೇಶ್ವರನಾದನು, ಊರು ಕೋಟೇಶ್ವರವಾಯಿತು.

ಈ ಕಥೆಯನ್ನು ಸಾಮಾನ್ಯವಾಗಿ ಕೈಮುಗಿದು ಕೇಳಲಾಗುತ್ತದೆ. ಕೈಮುಗಿದವರು ತುಸು ನಗಲೂಬಹುದು. ಮನೆ, ಮಡದಿ, ಅನ್ನ, ನಿದ್ರೆ ಎಲ್ಲವನ್ನೂ ತೊರೆದುಬಂದ ಕೋಟಿ ವಿರಕ್ತರಿಗೆ ಸಾಲಿನಲ್ಲಿ ಮುಂದೆ ನಿಲ್ಲಬೇಕೆಂಬ ಒಂದು ಆಸೆ ಮಾತ್ರ ಬಿಟ್ಟುಹೋಗಿರಲಿಲ್ಲ. ಸಾವಿರ ವರ್ಷ ಗಾಳಿ ಕುಡಿದು ಬದುಕಿದವನಿಗೂ ಎದುರಿನವನ ಬೆನ್ನು ನೋಡುತ್ತ ನಿಲ್ಲುವುದು ಸಹನವಾಗಲಿಲ್ಲ. ಶಿವನು ಆರಿಸಿಕೊಂಡ ಪರಿಹಾರವನ್ನೂ ಗಮನಿಸಬೇಕು. ಗಣ್ಯರಿಗೆ ಬೇರೆ ಬಾಗಿಲು ತೆರೆಯಲಿಲ್ಲ. ವಿಶೇಷ ದರ್ಶನಕ್ಕೆ ವಿಶೇಷ ದರ ನಿಗದಿ ಮಾಡಲಿಲ್ಲ. ತಪಸ್ಸಿನ ಹಿರಿತನದ ಪಟ್ಟಿಯನ್ನು ತರಿಸಿ ನೋಡಲಿಲ್ಲ. ಎಷ್ಟು ಮಂದಿಯೋ ಅಷ್ಟು ಲಿಂಗ. ಈ ಆಡಳಿತಕ್ರಮವನ್ನು ಇಂದಿನ ಯಾವ ದೇವಸ್ಥಾನವೂ ಅನುಸರಿಸಲಾರದು. ಆದರೆ ಕಥೆ ಕಟ್ಟಿದವನು ಋಷಿಗಳನ್ನು ಬಲ್ಲವನಾಗಿದ್ದನೆಂಬುದು ಸ್ಪಷ್ಟ. ಮನುಷ್ಯರನ್ನು ಬಲ್ಲವನಂತೂ ಖಂಡಿತ.

ಚರಿತ್ರೆಯನ್ನು ಇಂದು ಎರಡು ಬಗೆಯಲ್ಲಿ ಓದಲಾಗುತ್ತಿದೆ. ಒಂದು, ಕಣ್ಣುಮುಚ್ಚಿ ತಲೆಬಾಗುವ ಬಗೆ. ಇನ್ನೊಂದು, ಹಲ್ಲುಕಚ್ಚಿ ಮುಷ್ಟಿ ಬಿಗಿಯುವ ಬಗೆ. ಎರಡರಲ್ಲಿಯೂ ಓದುಗನ ಮುಖ ಗಂಟಿಕ್ಕಿಯೇ ಇರುತ್ತದೆ. ಕನ್ನಡ ಎಂ.ಎ. ತರಗತಿಗಳ ಚರಿತ್ರೆಯ ಪಾಠವೂ ಇದಕ್ಕೆ ಹೊರತಲ್ಲ; ಅಲ್ಲಿ ಶಾಸನವೆಂದರೆ ಶಕವರ್ಷ, ಕಾವ್ಯವೆಂದರೆ ಆಶ್ರಯದಾತ. ನಗುವನ್ನು ಪಠ್ಯಕ್ರಮದಿಂದ ಹೊರಗಿಟ್ಟದ್ದರಿಂದ ವಿದ್ಯಾರ್ಥಿಗಳು ಗಂಭೀರರಾದರೆಂದು ಯಾರಾದರೂ ಭಾವಿಸಿದ್ದರೆ ಅದು ತಪ್ಪು. ಅವರು ನಂಬುಗರಾದರು. ಎಲ್ಲಿ ನಗಬೇಕೆಂದು ತಿಳಿಯದವನಿಗೆ ಎಲ್ಲಿ ಅನುಮಾನಿಸಬೇಕೆಂಬುದೂ ತಿಳಿಯುವುದಿಲ್ಲ. ಕೈಯಲ್ಲಿರುವ ದೂರವಾಣಿಯ ಪರದೆಯ ಮೇಲೆ ದಿನಕ್ಕೆ ಹತ್ತು 'ಇತಿಹಾಸ'ಗಳು ಬಂದು ಬೀಳುವ ಈ ಕಾಲದಲ್ಲಿ ಇದು ಸಣ್ಣ ನಷ್ಟವಲ್ಲ.

ಕೋಟೇಶ್ವರದಲ್ಲಿಯೇ ಇನ್ನೂ ಸ್ವಲ್ಪ ಹೊತ್ತು ನಿಲ್ಲಬಹುದು. ವೃಶ್ಚಿಕ ಮಾಸದ ಹುಣ್ಣಿಮೆಯಂದು ಇಲ್ಲಿ ನಡೆಯುವ ರಥೋತ್ಸವಕ್ಕೆ 'ಕೊಡಿ ಹಬ್ಬ' ಎಂದು ಹೆಸರು. ಭಕ್ತರು ಕೋಟಿತೀರ್ಥವೆಂಬ ದೊಡ್ಡ ಕೆರೆಯ ಸುತ್ತ ಅಕ್ಕಿ ಚೆಲ್ಲುತ್ತ ನಡೆಯುತ್ತಾರೆ. ಅದು ಸುತ್ತಕ್ಕಿ ಸೇವೆ. ಹೊಸದಾಗಿ ಮದುವೆಯಾದವರು ಜಾತ್ರೆಯಿಂದ ಕಬ್ಬಿನ ಕೊಡಿಯನ್ನು ಮನೆಗೆ ಕೊಂಡೊಯ್ಯುತ್ತಾರೆ. ಕೊಡಿಯೆಂದರೆ ಚಿಗುರು, ವಂಶ ಚಿಗುರಲಿ ಎಂಬ ಹಾರೈಕೆ. ಹಬ್ಬದ ಹೆಸರಿಗೂ ಇದೇ ಅರ್ಥವೆಂದು ಎಲ್ಲರೂ ಹೇಳುತ್ತಾರೆ. ಆದರೆ ಊರಿಗೆ ಧ್ವಜಪುರವೆಂಬ ಸಂಸ್ಕೃತ ಹೆಸರೂ ಇದೆ. ತುಳುವಿನಲ್ಲಿಯೂ ತಮಿಳಿನಲ್ಲಿಯೂ 'ಕೊಡಿ' ಎಂದರೆ ಬಾವುಟ. ಜಾತ್ರೆಗೆ ಬಾವುಟ ಏರುವುದನ್ನು ತುಳುವರು ಕೊಡಿ ಏರುವುದು ಎಂದೇ ಹೇಳುತ್ತಾರೆ. ಹಾಗಿದ್ದರೆ ಕೊಡಿ ಹಬ್ಬವು ಮೂಲದಲ್ಲಿ ಧ್ವಜದ ಹಬ್ಬವಾಗಿದ್ದು, ತುಳುವಿನ ಅರ್ಥ ಮರೆತಮೇಲೆ ಕನ್ನಡದ ಚಿಗುರು ಅದಕ್ಕೆ ಅಂಟಿಕೊಂಡಿರಬಹುದೆಂಬ ಊಹೆಗೆ ಎಡೆಯಿದೆ. ಇದು ಊಹೆಯೇ. ಇದು ನಿಜವಾದರೂ ಕಬ್ಬು ಮಾರುವವನಿಗೆ ನಷ್ಟವೇನೂ ಇಲ್ಲ. ಶಬ್ದನಿಷ್ಪತ್ತಿ ತಪ್ಪಿದರೂ ಕಬ್ಬು ಸಿಹಿಯಾಗಿಯೇ ಇರುತ್ತದೆ, ದಂಪತಿಗಳು ಸುಖವಾಗಿಯೇ ಇರುತ್ತಾರೆ. ಭಾಷಾಶಾಸ್ತ್ರಜ್ಞರು ಜಾತ್ರೆಯ ದಿನ ಮನೆಯಲ್ಲಿರುವುದು ಒಳ್ಳೆಯದು.

ಬ್ರಹ್ಮಾವರದ ಕಡೆಗೆ ಸಾಗಿ ಬಾರಕೂರನ್ನು ತಲುಪಿದರೆ ಶಬ್ದನಿಷ್ಪತ್ತಿಯ ವಿನೋದ ಇನ್ನೂ ರಂಗೇರುತ್ತದೆ. ಅರಸನೊಬ್ಬನು ಹನ್ನೆರಡು ಕನ್ಯೆಯರನ್ನು ಮದುವೆಯಾದುದರಿಂದ ಇದು 'ಬಾರಾ ಕನ್ಯಾಪುರ'ವಾಯಿತೆಂಬ ಕಥೆ ಪ್ರಸಿದ್ಧ. ಕನ್ನಡದಲ್ಲಿ ಹನ್ನೆರಡು, ತುಳುವಿನಲ್ಲಿ ಪದಿರಾಡ್. ತುಳುನಾಡಿನ ಅರಸನು ತನ್ನ ಮದುವೆಗಳನ್ನು ಮಾತ್ರ ಉತ್ತರದ ಭಾಷೆಯಲ್ಲಿ ಎಣಿಸಿಕೊಂಡನೇಕೆ? ಲೆಕ್ಕ ಹೆಂಡತಿಯರಿಗೆ ತಿಳಿಯಬಾರದೆಂದಿರಬಹುದು. ನಗು ಇಲ್ಲಿಗೆ ನಿಂತರೆ ಅರ್ಧ ಪಾಠವಷ್ಟೇ ಆಗುತ್ತದೆ. ಮಧ್ಯಕಾಲದ ಶಾಸನಗಳಲ್ಲಿಯೇ ಬಾರಕನ್ಯಾಪುರ ಎಂಬ ರೂಪ ಕಾಣಿಸುತ್ತದೆ. ಎಂದರೆ ದೇಸಿ ಹೆಸರೊಂದಕ್ಕೆ ಸಂಸ್ಕೃತದ ಅಂಗಿ ತೊಡಿಸಿ, ಆಮೇಲೆ ಅಂಗಿಗೆ ಹೊಂದುವ ಕಥೆ ಹೊಲಿಯುವ ಕೆಲಸ ಇಂದಿನವರ ಆವಿಷ್ಕಾರವಲ್ಲ. ಕಲ್ಲಿನ ಮೇಲೆಯೇ ಅದಕ್ಕೆ ಸಾಕ್ಷ್ಯವಿದೆ. ಕಲ್ಲಿನಲ್ಲಿ ಕೆತ್ತಿದ್ದೆಲ್ಲ ಸತ್ಯವೆಂದು ಕಲಿತ ವಿದ್ಯಾರ್ಥಿ ಇಲ್ಲಿ ಒಮ್ಮೆ ಎಡವಿದರೆ ಮುಂದೆ ಜೋಪಾನವಾಗಿ ನಡೆಯುತ್ತಾನೆ.

ನಗುವನ್ನು ಪರೀಕ್ಷೆಯ ಉಪಕರಣವನ್ನಾಗಿ ಮಾಡಿಕೊಂಡ ಗ್ರಂಥಪರಂಪರೆಯೊಂದು ಜೈನರಲ್ಲಿದೆ. ಎಂಟನೆಯ ಶತಮಾನದ ಹರಿಭದ್ರನು ಪ್ರಾಕೃತದಲ್ಲಿ ಬರೆದ 'ಧೂರ್ತಾಖ್ಯಾನ' ಅದರ ಮೇರು. ಬೆಳಗಾವಿ ಜಿಲ್ಲೆಯ ಸದಲಗೆಯವರಾದ ಡಾ. ಆ. ನೇ. ಉಪಾಧ್ಯೆಯವರ ವಿಮರ್ಶಾತ್ಮಕ ಅಧ್ಯಯನದೊಡನೆ 1944ರಲ್ಲಿ ಪ್ರಕಟವಾದ ಈ ಕೃತಿಯನ್ನು ಕನ್ನಡದ ವಿದ್ಯಾರ್ಥಿಗಳು ಓದುವುದು ಕಡಿಮೆ. ಉಜ್ಜಯಿನಿಯ ಉದ್ಯಾನದಲ್ಲಿ ಐವರು ಧೂರ್ತರು ಸೇರಿದ್ದಾರೆ. ಒಬ್ಬೊಬ್ಬರ ಹಿಂದೆಯೂ ಐನೂರು ಮಂದಿ ಶಿಷ್ಯರು. ಮಳೆ ಹಿಡಿದುಕೊಂಡಿದೆ, ಹೊಟ್ಟೆ ಹಸಿದಿದೆ. ಆಗ ಒಂದು ಪಂಥ ಏರ್ಪಡುತ್ತದೆ. ಪ್ರತಿಯೊಬ್ಬನೂ ತನ್ನ ಅನುಭವವನ್ನು ಹೇಳಬೇಕು. ಅದನ್ನು ಸುಳ್ಳೆಂದವನು ಎಲ್ಲರಿಗೂ ಊಟ ಹಾಕಬೇಕು. ಪುರಾಣ ಇತಿಹಾಸಗಳಿಂದ ಆಧಾರ ಕೊಟ್ಟು ನಂಬಿಸಿದವನಿಗೆ ದಂಡವಿಲ್ಲ. ಮೂಲದೇವನೆಂಬವನು ಹೇಳುತ್ತಾನೆ: ಕಾಡಾನೆ ಅಟ್ಟಿಸಿಕೊಂಡು ಬಂದಾಗ ತಾನು ಕಮಂಡಲುವಿನೊಳಕ್ಕೆ ನುಗ್ಗಿದೆನು, ಆನೆಯೂ ನುಗ್ಗಿತು, ಆರು ತಿಂಗಳು ಒಳಗೇ ಓಡಿಸಾಡಿತು, ಕೊನೆಗೆ ಗಿಂಡಿಯ ಮೂತಿಯಿಂದ ತಾನು ಹೊರಬಂದೆನು, ಆನೆಯೂ ಬಂತು, ಆದರೆ ಬಾಲದ ಒಂದು ಕೂದಲು ಮೂತಿಯಲ್ಲಿ ಸಿಕ್ಕಿಕೊಂಡಿತು. ಕೇಳಿದವರಾರೂ ಇದನ್ನು ಸುಳ್ಳೆನ್ನುವುದಿಲ್ಲ. ಇದಕ್ಕಿಂತ ದೊಡ್ಡ ಅದ್ಭುತಗಳು ಪುರಾಣಗಳಲ್ಲಿ ನಡೆದಿರುವಾಗ ಇದೇಕೆ ನಡೆಯಬಾರದೆಂದು ಗಂಭೀರವಾಗಿ ಸಮರ್ಥಿಸುತ್ತಾರೆ.

ಈ ಪಂಥವನ್ನು ಇಂದಿನ ವಾಟ್ಸ್ಆಪ್ ಬಳಗಗಳಲ್ಲಿ ಜಾರಿಗೆ ತರುವುದು ಹೇಗೆ ಎಂದು ಯೋಚಿಸಬಹುದು. ಅಲ್ಲಿಯೂ ಆನೆಗಳು ಗಿಂಡಿಯೊಳಗೆ ನುಗ್ಗಿ ಹೊರಬರುತ್ತಲೇ ಇವೆ. ಪ್ರಾಚೀನ ಭಾರತದ ವಿಮಾನಗಳು, ಯಾವುದೋ ಕೋಟೆಯಿಂದ ಯಾವುದೋ ಗುಡಿಗೆ ಹೋಗುವ ನೂರು ಮೈಲಿಯ ಸುರಂಗಗಳು, ಒಂದೇ ರಾತ್ರಿಯಲ್ಲಿ ಕಟ್ಟಿದ ಗುಡಿಗಳು. ಸುಳ್ಳೆಂದವನು ಬಳಗಕ್ಕೆಲ್ಲ ಊಟ ಹಾಕಿಸಬೇಕಾದ ಸ್ಥಿತಿ ಅಲ್ಲಿಯೂ ಇದೆ. ಊಟದ ಬದಲು ಬೈಗುಳ ತಿನ್ನಬೇಕು, ಅಷ್ಟೇ. ಹಾಗಾಗಿ ಬಲ್ಲವರೂ ಸುಮ್ಮನಿರುತ್ತಾರೆ. ಹರಿಭದ್ರನ ಧೂರ್ತರಿಗೂ ಈ ಬಳಗಗಳಿಗೂ ಒಂದು ವ್ಯತ್ಯಾಸವಿದೆ. ಧೂರ್ತರಿಗೆ ತಾವು ಹೇಳುತ್ತಿರುವುದು ಸುಳ್ಳೆಂದು ಗೊತ್ತಿತ್ತು.

ಇದೇ ಜಾಡಿನಲ್ಲಿ ಹರಿಷೇಣನ ಅಪಭ್ರಂಶ 'ಧರ್ಮಪರೀಕ್ಷೆ' 988ರಲ್ಲಿ, ಅಮಿತಗತಿಯ ಸಂಸ್ಕೃತ ಕೃತಿ 1014ರಲ್ಲಿ ಬಂದವು. ಹದಿನಾಲ್ಕನೆಯ ಶತಮಾನದ ವೃತ್ತವಿಲಾಸನು ಕಥೆಯನ್ನು ಕನ್ನಡಕ್ಕೆ ತಂದನು. ಮನೋವೇಗ, ಪವನವೇಗರೆಂಬ ಗೆಳೆಯರು ಪಾಟಲೀಪುತ್ರದ ಪಂಡಿತರ ಎದುರು ಅಸಂಭವದ ಕಥೆ ಹೇಳುವುದು, ಪಂಡಿತರು ಅದನ್ನು ಅಲ್ಲಗಳೆಯುವುದು, ಅಂಥದೇ ಕಥೆಯನ್ನು ಅವರ ಪುರಾಣದಿಂದಲೇ ತೆಗೆದು ತೋರಿಸುವುದು: ಇದು ಅದರ ಕ್ರಮ. ವಿಧಾನ ಚೊಕ್ಕವಾಗಿದೆ. ಆದರೆ ಧರ್ಮಪರೀಕ್ಷೆಗಳ ನಗುವಿಗೆ ಒಂದು ಕೊರತೆಯಿದೆಯೆಂಬುದನ್ನು ಜೈನ ಸಾಹಿತ್ಯದ ಅಭ್ಯಾಸಿಗಳು ಒಪ್ಪಿಕೊಳ್ಳಬೇಕು. ಆ ನಗು ಬೀದಿಯ ಆಚೆಯ ಮನೆಯನ್ನೇ ನೋಡುತ್ತದೆ. ಹನ್ನೆರಡನೆಯ ಶತಮಾನದ ಬ್ರಹ್ಮಶಿವನ 'ಸಮಯಪರೀಕ್ಷೆ'ಯಲ್ಲಂತೂ ನಗು ತೀರ ಖಾರವಾಗಿ ಬೈಗುಳದ ಗಡಿ ಮುಟ್ಟುತ್ತದೆ.

ಆದಿ ತೀರ್ಥಂಕರನ ದೇಹದ ಎತ್ತರ 500 ಧನುಸ್ಸು ಎಂದು ಜೈನ ಪರಂಪರೆ ಹೇಳುತ್ತದೆ. ಒಂದು ಧನುಸ್ಸಿಗೆ ನಾಲ್ಕು ಮೊಳ, ಅಂದರೆ ಸುಮಾರು ಆರು ಅಡಿ. ಲೆಕ್ಕ ಹಾಕಿದರೆ 3000 ಅಡಿ. ಕುಂದಾಪುರದ ಕಡಲಂಚಿನಿಂದ ಕಾಣುವ ಕೊಡಚಾದ್ರಿಯ ಮೂರರಲ್ಲಿ ಎರಡು ಪಾಲು. ಮನೋವೇಗನು ಈ ಅಳತೆಯನ್ನು ಪಾಟಲೀಪುತ್ರಕ್ಕೆ ಒಯ್ಯಲಿಲ್ಲ. ಒಯ್ದಿದ್ದರೆ ಅಲ್ಲಿನ ಪಂಡಿತರಿಗೂ ಮಾತನಾಡಲು ಅವಕಾಶವಾಗುತ್ತಿತ್ತು. ಈ ಅಳತೆ ಕಾಲಚಕ್ರದ ಇಳಿತವನ್ನು ಹೇಳುವ ರೂಪಕವೆಂದು ತಿಳಿದವರಿಗೆ ನಗುವಿನಿಂದ ಭಕ್ತಿಗೇನೂ ಭಂಗವಿಲ್ಲ. ಅದು ರೂಪಕವೆಂದು ತಮ್ಮ ಪುರಾಣಕ್ಕೆ ಕೊಡುವ ರಿಯಾಯಿತಿಯನ್ನು ನೆರೆಯವರ ಪುರಾಣಕ್ಕೂ ಕೊಟ್ಟರೆ ನ್ಯಾಯ ಸರಿದೂಗುತ್ತದೆ. ಕಾರ್ಕಳದ ಶಿಲ್ಪಿಗಳು 1432ರಲ್ಲಿ ನಿಲ್ಲಿಸಿದ ಗೊಮ್ಮಟ ಸುಮಾರು 42 ಅಡಿಯವನು. ಧನುಸ್ಸಿನ ಲೆಕ್ಕ ಬರೆಯುವವನಿಗೆ ಕಲ್ಲು ಹೊರುವ ಕಷ್ಟವಿರಲಿಲ್ಲ.

ಸುಳ್ಳಿನ ಮಾತು ಬಂದಮೇಲೆ ಕುಂದಾಪುರದ ಸೀಮೆಯಲ್ಲಿ ಮುದ್ದಣನನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಕನ್ನಡ ಸಾಹಿತ್ಯಚರಿತ್ರೆಯ ಅತ್ಯಂತ ಮುದ್ದಾದ ಸುಳ್ಳು ಅವನದು. ಕಾರ್ಕಳದ ಬಳಿಯ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪನು ಉಡುಪಿ, ಕುಂದಾಪುರಗಳ ಶಾಲೆಗಳಲ್ಲಿ ಶಿಕ್ಷಕನಾಗಿದ್ದನು. ಹುಡುಗರಿಗೆ ಕವಾಯತು ಮಾಡಿಸುವ ವ್ಯಾಯಾಮದ ಮೇಷ್ಟ್ರು. ಯಕ್ಷಗಾನ ಪ್ರಸಂಗಗಳನ್ನು ತನ್ನ ಹೆಸರಿನಲ್ಲಿಯೇ ರಚಿಸಿದನು. 'ರತ್ನಾವತೀ ಕಲ್ಯಾಣ'ವನ್ನೂ 'ಕುಮಾರ ವಿಜಯ'ವನ್ನೂ ಇಂದಿಗೂ ಮೇಳಗಳು ಮರೆತಿಲ್ಲ. ಆದರೆ 'ಅದ್ಭುತ ರಾಮಾಯಣ', 'ಶ್ರೀರಾಮಪಟ್ಟಾಭಿಷೇಕ', 'ಶ್ರೀರಾಮಾಶ್ವಮೇಧ'ಗಳನ್ನು ಹಳಗನ್ನಡದಲ್ಲಿ ಬರೆದು, ಮುದ್ದಣನೆಂಬ ಹಿಂದಿನ ಕಾಲದ ಕವಿಯ ಹಸ್ತಪ್ರತಿಗಳೆಂಬ ನೆವದಿಂದ ಮೈಸೂರಿಗೆ ಕಳುಹಿಸಿದನು. ಪ್ರಾಚೀನ ಕಾವ್ಯಗಳನ್ನು ಅಚ್ಚು ಹಾಕುತ್ತಿದ್ದ 'ಕಾವ್ಯಮಂಜರಿ', 'ಕಾವ್ಯಕಲಾನಿಧಿ'ಗಳ ವಿದ್ವಾಂಸರು ಅವುಗಳನ್ನು ಆದರದಿಂದ ಬರಮಾಡಿಕೊಂಡರು. ಕವಿಯು 1901ರಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ, ಕ್ಷಯರೋಗದಿಂದ ತೀರಿಕೊಂಡನು. ಮುದ್ದಣನೂ ಮೇಷ್ಟ್ರೂ ಒಬ್ಬನೇ ಎಂಬುದು ಲೋಕಕ್ಕೆ ಖಚಿತವಾದದ್ದು ಆಮೇಲೆ.

ಈ ಪ್ರಸಂಗವನ್ನು ಸಾಮಾನ್ಯವಾಗಿ ಕವಿಯ ಸಂಕೋಚಕ್ಕೆ ನಿದರ್ಶನವಾಗಿ ಹೇಳುವುದುಂಟು. ಸಂಕೋಚವಿದ್ದಿರಬಹುದು. ಆದರೆ ಲೆಕ್ಕಾಚಾರವೂ ಇತ್ತೆಂದು ತಿಳಿಯುವುದೇ ಅವನ ಬುದ್ಧಿಗೆ ಸಲ್ಲಿಸುವ ಗೌರವ. ಪ್ರಾಚೀನ ಕೃತಿಗಳಿಗೆಂದೇ ತೆರೆದಿದ್ದ ಬಾಗಿಲು ಅದು. ಅದರಲ್ಲಿ ಒಳಗೆ ಹೋಗಬೇಕಾದರೆ ಪ್ರಾಚೀನನಾಗಬೇಕು. ಅದಕ್ಕೆ ಸಾಯುವುದೊಂದು ದಾರಿ, ಸತ್ತವನಂತೆ ಬರೆಯುವುದು ಇನ್ನೊಂದು ದಾರಿ. ಕರಾವಳಿಯ ಬಡ ಕವಾಯತು ಮೇಷ್ಟ್ರು ಎರಡನೆಯದನ್ನು ಆರಿಸಿಕೊಂಡನು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೊಸಬನೊಬ್ಬನು ಕನ್ನಡದಲ್ಲಿ ಗದ್ಯಕಾವ್ಯ ಬರೆದಿದ್ದಾನೆಂದರೆ ಯಾರು ಓದುತ್ತಿದ್ದರು? ಹಳಬನೊಬ್ಬನು ಬರೆದಿದ್ದನೆಂದಾಗ ವಿದ್ವಾಂಸರು ಕನ್ನಡಕ ಒರೆಸಿಕೊಂಡು ಓದಿದರು.

ವಿನೋದವೇನೆಂದರೆ ಗುಟ್ಟನ್ನು ರಟ್ಟುಮಾಡುವ ಸಾಕ್ಷಿಯನ್ನು ಕವಿ 'ರಾಮಾಶ್ವಮೇಧ'ದ ಹೊಸ್ತಿಲಲ್ಲಿಯೇ ಕೂರಿಸಿದ್ದನು. ಆ ಸಾಕ್ಷಿಯ ಹೆಸರು ಮನೋರಮೆ. ಮಳೆಗಾಲದಲ್ಲಿ ಅರಮನೆಯಿಂದ ಮನೆಗೆ ಬಂದ ಗಂಡನನ್ನು ಅವಳು ಉಪಚರಿಸುತ್ತಾಳೆ, ಕಥೆ ಹೇಳೆಂದು ಕಾಡುತ್ತಾಳೆ, ಪದ್ಯ ಬೇಡ ಗದ್ಯ ಬೇಕೆನ್ನುತ್ತಾಳೆ, ಸಂಸ್ಕೃತದ ಭಾರ ಹೆಚ್ಚಾದರೆ ತಡೆಯುತ್ತಾಳೆ, ನಡುನಡುವೆ ಅಡ್ಡಮಾತು ಹಾಕಿ ಗಂಡನ ಪಾಂಡಿತ್ಯದ ಗಾಳಿ ತೆಗೆಯುತ್ತಾಳೆ. ಯಾವ ಆಸ್ಥಾನಕವಿಯ ಹೆಂಡತಿ ಹಳಗನ್ನಡ ಕಾವ್ಯದ ಒಳಗೆ ಬಂದು ಹೀಗೆ ಮಾತನಾಡಿದ್ದಳು? ಪೀಠಿಕೆಯೆಂದರೆ ದೇವತಾಸ್ತುತಿ, ಪೂರ್ವಕವಿಸ್ಮರಣೆ, ಕುಕವಿನಿಂದೆ. ಅಲ್ಲಿ ಮನೆಯ ಜಗಲಿ ಇಲ್ಲ, ಅಡುಗೆಮನೆಯ ಸದ್ದು ಇಲ್ಲ, ಗಂಡಹೆಂಡಿರ ಸರಸವಂತೂ ಇಲ್ಲವೇ ಇಲ್ಲ. ಭಾಷೆಯ ರೂಪಗಳಲ್ಲಿ ತಪ್ಪು ಹುಡುಕಬೇಕಾದ ಅಗತ್ಯವೇ ಇರಲಿಲ್ಲ. ಅವಳು ನಕ್ಕ ಮೊದಲ ನಗುವಿನಲ್ಲಿಯೇ ಹೊಸ ಕಾಲ ಕೇಳಿಸುತ್ತಿತ್ತು. ಆದರೆ ನಗುವನ್ನು ಆಧಾರವಾಗಿ ಎಣಿಸುವ ರೂಢಿ ಪಾಂಡಿತ್ಯಕ್ಕೆ ಇರಲಿಲ್ಲ. ಇಂದಿಗೂ ಅಷ್ಟಾಗಿ ಇಲ್ಲ.

ಇಂಗ್ಲೆಂಡಿನ ಥಾಮಸ್ ಚಾಟರ್ಟನ್ ಎಂಬ ಹುಡುಗನು ಹದಿನೈದನೆಯ ಶತಮಾನದ ಸಂನ್ಯಾಸಿಯೊಬ್ಬನ ಹೆಸರಿನಲ್ಲಿ ಕವಿತೆ ಬರೆದು, 1770ರಲ್ಲಿ ಹದಿನೇಳರ ವಯಸ್ಸಿನಲ್ಲಿ ಲಂಡನ್ನಿನಲ್ಲಿ ಸತ್ತನು. ಬಡತನ, ಪ್ರತಿಭೆ, ಹಳೆಯದರ ವೇಷ, ಬೇಗನೆ ಬಂದ ಸಾವು. ಹೋಲಿಕೆ ಎದ್ದು ಕಾಣುತ್ತದೆ. ಅಲ್ಲಿ ಮೋಸ ಬಯಲಾದದ್ದರಿಂದ ವಾದವಿವಾದಗಳು ದಶಕಗಳವರೆಗೆ ನಡೆದವು. ಕನ್ನಡವು ಮಾತ್ರ ಮೋಸಹೋದುದಕ್ಕೆ ಸಿಟ್ಟಾಗದೆ ಸಂತೋಷಪಟ್ಟಿತು. ಇಲ್ಲದ ಹಳೆಯ ಕವಿಯೊಬ್ಬ ಹೋದರೆ ಇರುವ ಹೊಸ ಕವಿಯೊಬ್ಬ ಸಿಕ್ಕಿದನಲ್ಲ. ಇದು ಕನ್ನಡ ವಿದ್ವತ್ತಿನ ದೊಡ್ಡತನಗಳಲ್ಲಿ ಒಂದು.

ಈಗ ಮುದ್ದಣನ ಸುಳ್ಳನ್ನು ಇಂದಿನ ಸಂಶೋಧನ ಲೋಕದ ಎದುರು ಇಟ್ಟು ನೋಡಬೇಕು. ಅವನು ತನ್ನದನ್ನು ಇನ್ನೊಬ್ಬನದೆಂದು ಹೇಳಿದನು. ಇಂದಿನ ಕಷ್ಟ ಇದಕ್ಕೆ ಸರಿಯಾಗಿ ತಿರುಗುಮುರುಗಾದುದು. ಇನ್ನೊಬ್ಬರದನ್ನು ತನ್ನದೆಂದು ಹೇಳುವವರ ಸಂಖ್ಯೆ ಹೆಚ್ಚಿದ್ದರಿಂದಲೇ ವಿಶ್ವವಿದ್ಯಾಲಯ ಅನುದಾನ ಆಯೋಗವು 2018ರಲ್ಲಿ ಕೃತಿಚೌರ್ಯ ತಡೆಯುವ ನಿಯಮಾವಳಿಯನ್ನು ಹೊರಡಿಸಬೇಕಾಯಿತು. ಅದರ ಪ್ರಕಾರ ಶೇಕಡಾ 10ರವರೆಗಿನ ಸಾಮ್ಯಕ್ಕೆ ದಂಡವಿಲ್ಲ. ಮೇಲೇರಿದಂತೆ ದಂಡವೂ ಏರುತ್ತದೆ. ಮುದ್ದಣನ ಹಸ್ತಪ್ರತಿಯನ್ನು ಆ ಯಂತ್ರಕ್ಕೆ ಕೊಟ್ಟರೆ ಕೃತಿ ನಿರ್ದೋಷವೆಂದು ಪ್ರಮಾಣಪತ್ರ ಬರುತ್ತದೆ. ಅವನ ಸುಳ್ಳು ಹೆಸರಿನ ಪುಟದಲ್ಲಿ ಮಾತ್ರವಿತ್ತು, ಒಳಗಿನದೆಲ್ಲ ಅಸಲು. ಹೆಸರಿನ ಪುಟದಲ್ಲಿ ಮಾತ್ರ ಸತ್ಯವಿದ್ದು ಒಳಗಿನದೆಲ್ಲ ಎರವಲಾದ ಪ್ರಬಂಧಗಳ ಬಗ್ಗೆ ಹೆಚ್ಚು ಹೇಳುವುದು ಬೇಡ, ಪಿಎಚ್.ಡಿ. ಮೌಲ್ಯಮಾಪನ ಮಾಡುವವರಿಗೆ ಅವುಗಳ ಮುಖಪರಿಚಯವಿದೆ. ಕೃತಕ ಬುದ್ಧಿಮತ್ತೆಯಿಂದ ಬರೆಸಿದ ಪ್ರಬಂಧದಲ್ಲಿ ಅದೂ ಒಂದು ಸಮಸ್ಯೆಯಾಗಿದೆ. ಅದು ತನ್ನದೂ ಅಲ್ಲ, ಇನ್ನೊಬ್ಬನದೆಂದು ಹೇಳಲು ಇನ್ನೊಬ್ಬನೂ ಇಲ್ಲ.

ಸಾಮ್ಯದ ಯಂತ್ರಕ್ಕೆ ಶಾಸನಗಳನ್ನು ಕೊಟ್ಟರಂತೂ ಕರ್ನಾಟಕದ ಲಿಪಿಕಾರರೆಲ್ಲರ ಪದವಿ ರದ್ದಾಗುತ್ತದೆ. ಅಸಂಖ್ಯ ಶೈವ ಶಾಸನಗಳ ಆರಂಭದಲ್ಲಿರುವ ಶಂಭುಸ್ತುತಿ ಬಾಣನ 'ಹರ್ಷಚರಿತೆ'ಯದು. ಜೈನ ಶಾಸನಗಳು ತೆರೆದುಕೊಳ್ಳುವ ಜಿನಶಾಸನದ ಶ್ಲೋಕ ಅಕಲಂಕನ 'ಪ್ರಮಾಣಸಂಗ್ರಹ'ದ್ದು. ಬಾಣನ ಹೆಸರಿಲ್ಲ, ಅಕಲಂಕನ ಹೆಸರಿಲ್ಲ, ಅಡಿಟಿಪ್ಪಣಿಯಂತೂ ಇಲ್ಲ. ಕೊನೆಯ ಶಾಪಾಶಯ ಶ್ಲೋಕವೂ ಹಾಗೆಯೇ. ದಾನ ಕೊಟ್ಟ ಭೂಮಿಯನ್ನು ಕಸಿದವನು ಅರುವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುತ್ತಾನೆಂಬ ಎಚ್ಚರಿಕೆ ಊರಿಂದೂರಿಗೆ, ಶತಮಾನದಿಂದ ಶತಮಾನಕ್ಕೆ ಒಂದಕ್ಷರ ಬದಲಾಗದೆ ಸಾಗಿಬಂದಿದೆ. ವಾರಣಾಸಿಯಲ್ಲಿ ಸಾವಿರ ಕವಿಲೆ ಹಸುಗಳನ್ನು ಕೊಂದ ಪಾಪ ಅದರ ಜೊತೆಗಿರುತ್ತದೆ. ಅಂದಿನವರಿಗೆ ಅದು ಚೌರ್ಯವಾಗಿರಲಿಲ್ಲ. ಮದುವೆಯ ಮಂತ್ರದಂತೆ, ಇಂದಿನ ಕ್ರಯಪತ್ರದ ಒಕ್ಕಣೆಯಂತೆ, ಬದಲಾಗದಿರುವುದೇ ಅದರ ಬಲವಾಗಿತ್ತು. ಎಲ್ಲಿ ನಕಲು ಧರ್ಮ, ಎಲ್ಲಿ ನಕಲು ಅಧರ್ಮ ಎಂಬುದನ್ನು ಶೇಕಡಾವಾರಿನಿಂದ ಅಳೆಯಲಾಗದು.

ಆ ಶಾಪ ಅಷ್ಟು ಸಲ ಏಕೆ ಕೆತ್ತಬೇಕಾಯಿತು ಎಂದು ಕೇಳುವ ವಿದ್ಯಾರ್ಥಿ ಚರಿತ್ರೆಯ ಬಾಗಿಲನ್ನು ತಟ್ಟಿದಂತೆ. ಗೋಡೆಯ ಮೇಲೆ 'ಇಲ್ಲಿ ಮೂತ್ರ ಮಾಡಬಾರದು' ಎಂಬ ಬರಹ ಎಲ್ಲಿರುತ್ತದೆಯೋ ಅಲ್ಲಿ ಏನು ನಡೆಯುತ್ತದೆಂಬುದು ಎಲ್ಲರಿಗೂ ಗೊತ್ತು. ಅರುವತ್ತು ಸಾವಿರ ವರ್ಷಗಳ ಬೆದರಿಕೆ ಹಾಕಬೇಕಾಗಿತ್ತೆಂದರೆ ದತ್ತಿಭೂಮಿಯ ಮೇಲೆ ಕಣ್ಣಿಟ್ಟವರು ಬಹಳವಿದ್ದರು. ಕೊನೆಗೆ ದೇವರ ಭೂಮಿ, ಮಠದ ಭೂಮಿ, ಧನಿಗಳ ಭೂಮಿ ಎಂಬ ಭೇದವಿಲ್ಲದೆ ಕರಾವಳಿಯ ಗೇಣಿಯ ವ್ಯವಸ್ಥೆಯನ್ನು ತಲೆಕೆಳಗು ಮಾಡಿದ್ದು 1974ರ ಭೂಸುಧಾರಣೆ ತಿದ್ದುಪಡಿ ಕಾಯಿದೆ. ಒಕ್ಕಲುಗಳು ಭೂನ್ಯಾಯ ಮಂಡಳಿಗೆ ಕೊಡಬೇಕಾಗಿದ್ದ ಅರ್ಜಿ ನಮೂನೆ 7. ಜನರ ಬಾಯಲ್ಲಿ ಅದು 'ಡಿಕ್ಲರೇಶನ್'. ಸಾವಿರ ವರ್ಷ ಕಲ್ಲಿನ ಮೇಲೆ ನಿಂತ ಹುಳುವಿನ ಬೆದರಿಕೆ ಒಂದು ಹಾಳೆಯ ಎದುರು ನಿಲ್ಲಲಿಲ್ಲ. ಇದರಿಂದ ಕೆಲವರಿಗೆ ನೋವಾದದ್ದುಂಟು, ಒಕ್ಕಲಿಲ್ಲದ ವಿಧವೆಯ ಗದ್ದೆಯೂ ದೊಡ್ಡ ಧನಿಯ ಗದ್ದೆಯೊಡನೆ ಹೋದ ಉದಾಹರಣೆಗಳನ್ನು ಹೇಳುವವರುಂಟು. ಆದರೆ ಶಾಸನವನ್ನು ಬರೆಸಿದವರ ಶ್ಲೋಕದಲ್ಲಿ ದಾನಿಯಿದ್ದನು, ದೇವರಿದ್ದನು, ಕಸಿಯುವವನಿದ್ದನು. ಆ ಗದ್ದೆಯ ಕೆಸರಿನಲ್ಲಿ ಮೊಳಕಾಲವರೆಗೆ ಹೂತು ನಿಂತವನು ಎಲ್ಲಿಯೂ ಇರಲಿಲ್ಲ. ನಮೂನೆ 7ರಲ್ಲಿ ಅವನ ಹೆಸರು ಮೊದಲ ಸಾಲಿನಲ್ಲಿಯೇ ಬರುತ್ತಿತ್ತು.

ಎಲ್ಲ ಹಳೆಯ ವೇಷಗಳೂ ಮುದ್ದಣನ ವೇಷದಂತೆ ನಿರಪಾಯವಲ್ಲ. ಬಾರಕೂರಿನ ಭೂತಾಳ ಪಾಂಡ್ಯನ ಕಥೆ ಇದಕ್ಕೆ ಸಾಕ್ಷಿ. ದೇವಪಾಂಡ್ಯನೆಂಬ ಶ್ರೀಮಂತನು ಹಡಗು ಕಟ್ಟಿಸಿದನು. ಕುಂಡೋದರನೆಂಬ ಭೂತವು ಹಡಗು ನೀರಿಗಿಳಿಯಬೇಕಾದರೆ ಅವನ ಮಗನನ್ನು ಬಲಿ ಕೊಡಬೇಕೆಂದಿತು. ಹೆಂಡತಿ ಮಕ್ಕಳನ್ನು ಕೊಡಲು ಒಪ್ಪಲಿಲ್ಲ. ತಂಗಿ ಸತ್ಯವತಿ ತನ್ನ ಮಗ ಜಯಪಾಂಡ್ಯನನ್ನು ಒಪ್ಪಿಸಿದಳು. ಭೂತವು ಅವನನ್ನು ಉಳಿಸಿ ಅರಸನನ್ನಾಗಿ ಮಾಡಿತು. ಅವನೇ ಭೂತಾಳ ಪಾಂಡ್ಯ. ಅಂದಿನಿಂದ ಆಸ್ತಿ ಮಕ್ಕಳಿಗಲ್ಲ, ಅಳಿಯನಿಗೆ, ಎಂದರೆ ಸೋದರಿಯ ಮಗನಿಗೆ ಎಂಬ ಕಟ್ಟು ಹುಟ್ಟಿತಂತೆ. ಘಟ್ಟದ ಮೇಲಿನ ಕೆಲವರು 'ಅಳಿಯಸಂತಾನ' ಎಂದೊಡನೆ ಮಗಳ ಗಂಡನಿಗೆ ಆಸ್ತಿ ಹೋಗುವುದೆಂದು ತಿಳಿದು ಹೆಣ್ಣು ಕೊಡುವವರನ್ನು ಕಂಡು ಮರುಗುವುದುಂಟು. ಅದು ಬೇರೆ ಹಾಸ್ಯ.

ಕಥೆಯಲ್ಲಿ ಗಮನಿಸಬೇಕಾದವಳು ಆ ಹೆಂಡತಿ. ಹಡಗಿಗಾಗಿ ಮಗನನ್ನು ಕೊಡೆನು ಎಂದ ತಾಯಿಯಲ್ಲಿ ತಪ್ಪೇನು? ಬುದ್ಧಿಯಿರುವ ಮಾತು ಆ ಕಥೆಯಲ್ಲಿ ಅದೊಂದೇ. ಅದಕ್ಕಾಗಿ ಅವಳ ಮಕ್ಕಳಿಗೆ ಮಾತ್ರವಲ್ಲ, ತುಳುನಾಡಿನ ಲಕ್ಷಾಂತರ ಗಂಡಸರ ಮಕ್ಕಳಿಗೆ ತಂದೆಯ ಆಸ್ತಿ ತಪ್ಪಿತೆಂದು ಕಥೆ ಹೇಳುತ್ತದೆ. ಅಳಿಯಸಂತಾನವು ಈ ಕಥೆಯಿಂದ ಹುಟ್ಟಿದ್ದಲ್ಲ. ತಾಯಿಯ ಕಡೆಯಿಂದ ಕುಲ ಎಣಿಸುವ ಪದ್ಧತಿ ಕರಾವಳಿಯ ಉದ್ದಕ್ಕೂ, ಕೇರಳದವರೆಗೂ ಇತ್ತು, ಕಾರ್ಕಳದ ಭೈರರಸರ ಮನೆಯಲ್ಲಿಯೂ ಇತ್ತು. ಇದ್ದ ಪದ್ಧತಿಗೆ ಕಥೆ ಆಮೇಲೆ ಬಂತು. ಇಲ್ಲಿಯವರೆಗೆ ಕೋಟಿ ಋಷಿಗಳ ಕಥೆಗೂ ಇದಕ್ಕೂ ಅಂತರವಿಲ್ಲ. ಅಂತರ ಹುಟ್ಟುವುದು 'ಭೂತಾಳ ಪಾಂಡ್ಯನ ಕಟ್ಟುಕಟ್ಟಳೆ' ಎಂಬ ಬರಹ ಕ್ರಿ.ಶ. 77ರ ಕಾಲಮಾನವನ್ನು ಹಣೆಗೆ ಅಂಟಿಸಿಕೊಂಡು ಕಾಣಿಸಿಕೊಂಡಾಗ. ಬ್ರಿಟಿಷರ ನ್ಯಾಯಾಲಯಗಳಿಗೆ ಗ್ರಂಥ ಬೇಕಾಗಿತ್ತು. ಅಜ್ಜಿಯ ಬಾಯಿಮಾತು ಅವರಿಗೆ ಸಾಕ್ಷ್ಯವಾಗಿ ಒಗ್ಗುತ್ತಿರಲಿಲ್ಲ. ಬೇಕಾದವರಿಗೆ ಬೇಕಾದ ಗ್ರಂಥ ಸಿಕ್ಕಿತು. ಅದರ ಪ್ರಾಚೀನತೆಯನ್ನು ಗಂಭೀರ ಸಂಶೋಧಕರು ಒಪ್ಪಿಲ್ಲ. ಅಷ್ಟು ಹಳೆಯ ಕನ್ನಡ ಬರಹವೇ ದೊರೆತಿಲ್ಲವೆಂಬ ಒಂದೇ ಮಾತು ಸಾಕಾಗಿತ್ತು. ಹಲ್ಮಿಡಿಯ ಶಾಸನಕ್ಕಿಂತ ಮುನ್ನೂರಕ್ಕೂ ಹೆಚ್ಚು ವರ್ಷ ಮೊದಲೇ ಬಾರಕೂರಿನಲ್ಲಿ ಕುಟುಂಬ ಕಾನೂನು ಬರೆದಿಟ್ಟವನು ನಿಜವಾಗಿ ಇದ್ದಿದ್ದರೆ ಕನ್ನಡ ವಿದ್ವಾಂಸರು ಅವನನ್ನು ಹೊತ್ತು ಮೆರೆಸುತ್ತಿದ್ದರು.

ಮುದ್ದಣನ ವೇಷ ಕಳಚಿದಾಗ ಯಾರ ಗದ್ದೆಯೂ ಹೋಗಲಿಲ್ಲ. ಈ ವೇಷದ ಹಿಂದೆ ಗದ್ದೆ, ಮನೆ, ತೋಟಗಳಿದ್ದವು. ಅವುಗಳಿಗಾಗಿ ತಂದೆಯ ಮಗನೂ ತಾಯಿಯ ಅಣ್ಣನೂ ಸೋದರಳಿಯನೂ ಮಂಗಳೂರಿನಿಂದ ಮದರಾಸಿನವರೆಗೆ ಮೆಟ್ಟಿಲು ಹತ್ತಿದರು. ಹಾಗಾಗಿ ಹಳೆಯದೆಂದು ಯಾರಾದರೂ ಏನನ್ನಾದರೂ ತಂದು ಎದುರಿಗಿಟ್ಟಾಗ ಲಿಪಿ, ಭಾಷೆ, ಶಕವರ್ಷಗಳ ಜೊತೆಗೆ ಇನ್ನೊಂದನ್ನು ನೋಡುವುದು ಲೇಸು: ಇದು ಹಳೆಯದೆಂದು ಸಿದ್ಧವಾದರೆ ಯಾರಿಗೆ ಏನು ಸಿಗುತ್ತದೆ? ಮುದ್ದಣನಿಗೆ ಸಿಕ್ಕದ್ದು ನಾಲ್ಕು ಜನ ಓದುಗರು. ಇಂದು ಯಾವುದಾದರೂ ಊರಿನ ಗುಡಿಗೆ ಹಠಾತ್ತನೆ ಎರಡು ಸಾವಿರ ವರ್ಷ ತುಂಬಿದಾಗ ಯಾರಿಗೆ ಏನು ಸಿಗುತ್ತದೆಂದು ವಿಚಾರಿಸುವುದು ಸಂಶೋಧಕನ ಕೆಲಸವೇ ಹೊರತು ಕುಹಕವಲ್ಲ.

ಕಾನೂನು ಬದಲಾಗುತ್ತ ಬಂದಿತು. ಮದರಾಸು ಸರಕಾರ 1949ರಲ್ಲಿ ಅಳಿಯಸಂತಾನ ಕಾಯಿದೆ ಮಾಡಿ ಕುಟುಂಬದ ಆಸ್ತಿಯನ್ನು ಪಾಲು ಮಾಡಿಕೊಳ್ಳಲು ದಾರಿ ತೆರೆಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಏಳನೆಯ ಕಲಮು ಉಳಿದದ್ದನ್ನು ಮುಗಿಸಿತು. ಇದ್ದನೋ ಇಲ್ಲವೋ ಗೊತ್ತಿಲ್ಲದ ಅರಸನ ಅಪ್ಪಣೆಯನ್ನು ತೊಡೆಯಲು ಎರಡು ಶಾಸನಸಭೆಗಳು ಕೂಡಬೇಕಾಯಿತು. ಬಾರಕೂರಿನ ಹತ್ತು ಕೇರಿಗಳಲ್ಲಿ ಸಭೆ ಸೇರಿ ವ್ಯವಹಾರ ನಡೆಸಿದ 'ಹಲರು' ಶಾಸನಗಳಲ್ಲಿ ಕಾಲಸಹಿತವಾಗಿ ಇದ್ದಾರೆ, ಅವರನ್ನು ಕೇಳುವವರಿಲ್ಲ. ಮನೆಪಾಲಿನ ಮಾತು ಬಂದಾಗ ಜಗಲಿಯ ಮೇಲೆ ಕುಳಿತ ಹಿರಿಯರು ಇಂದಿಗೂ ನೆನೆಯುವುದು ಭೂತಾಳ ಪಾಂಡ್ಯನನ್ನೇ. ಹಡಗಿಗೆ ಮಗನನ್ನು ಕೊಡದ ಆ ತಾಯಿಯ ಹೆಸರು ಮಾತ್ರ ಹೇಳುವವರ ಬಾಯಲ್ಲಿ ಬರುವುದೇ ಇಲ್ಲ.